ಹಳೆಯ ಕಡತಗಳ ಸುರಕ್ಷಿತ ವಿಲೇವಾರಿ

ಚೆನ್ನೈ ಮಹಾನಗರದ ಗಿಂಡಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ರಾಜ್ಯಪಾಲರ ನಿವಾಸ, ಅದಕ್ಕೆ ತಾಗಿಕೊಂಡಿರುವ ಜಿಂಕೆಗಳ ರಾಷ್ಟ್ರೀಯ ಉದ್ಯಾನ ಮತ್ತು 1794ರ ಭೂಮಾಪನ ಶಾಲೆಯಿಂದ ಬೆಳೆದುಬಂದ ಎಂಜಿನಿಯರಿಂಗ್ ಕಾಲೇಜು. ದುಡಿಮೆಯ ಗಿಂಡಿ ಇದಕ್ಕಿಂತ ಬೇರೆ. ಎರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ, 1958ರಲ್ಲಿ, ಅಂದಿನ ಮದರಾಸು ಸರ್ಕಾರ ಇಲ್ಲಿ ಸ್ಥಾಪಿಸಿದ ಕೈಗಾರಿಕಾ ವಸಾಹತು ದೇಶದ ಮೊದಮೊದಲ ವಸಾಹತುಗಳಲ್ಲೊಂದು. ಆಗ ಕೈಗಾರಿಕಾ ಖಾತೆಯನ್ನು ನೋಡಿಕೊಳ್ಳುತ್ತಿದ್ದವರು ಮುಂದೆ ರಾಷ್ಟ್ರಪತಿಗಳಾದ ಆರ್. ವೆಂಕಟರಾಮನ್. ಸಣ್ಣ ಉದ್ದಿಮೆಗಳಿಗೆ ಸಲಹೆ ನೀಡುವ ಕೇಂದ್ರ ಸರ್ಕಾರದ ಕಚೇರಿಯೂ ಗಿಂಡಿಯಲ್ಲಿಯೇ ಇದೆ. ಅಚ್ಚು, ಬಿಡಿಭಾಗ, ವಿದ್ಯುತ್ ಉಪಕರಣಗಳನ್ನು ತಯಾರಿಸುತ್ತ ಬಂದ ಷೆಡ್ಡುಗಳ ನಡುವೆ ಈಗ ಮಾಹಿತಿ ತಂತ್ರಜ್ಞಾನದ ಎತ್ತರದ ಕಟ್ಟಡಗಳೂ ಎದ್ದಿವೆ.

ಇಂಥ ವಸಾಹತಿನ ಒಂದು ಸಾಧಾರಣ ಘಟಕದ ಕಚೇರಿಯನ್ನು ಕಲ್ಪಿಸಿಕೊಳ್ಳಬಹುದು. ಮಾಳಿಗೆಯ ಮೂಲೆಯಲ್ಲಿ ಹಗ್ಗದಿಂದ ಬಿಗಿದ ಕಡತಗಳ ರಾಶಿ ಇರುತ್ತದೆ. ದೊಡ್ಡ ಕಾರ್ಖಾನೆಯು ಬಿಡಿಭಾಗ ತಯಾರಿಸಲೆಂದು ಕಳುಹಿಸಿದ ನಕ್ಷೆಗಳು, ಟೆಂಡರಿಗೆ ಸಿದ್ಧಪಡಿಸಿದ ದರಪಟ್ಟಿಗಳು, ಬ್ಯಾಂಕಿನ ಪತ್ರಗಳು, ಕೆಲಸಕ್ಕೆ ಅರ್ಜಿ ಹಾಕಿದವರ ಪ್ರಮಾಣಪತ್ರಗಳ ಪ್ರತಿಗಳು, ಕಾರ್ಮಿಕರ ವೇತನ ಪಟ್ಟಿಗಳು ಅದರಲ್ಲಿ ಸೇರಿಹೋಗಿರುತ್ತವೆ. ಜಾಗ ಸಾಲದಾದ ದಿನ ಗುಜರಿಯವನಿಗೆ ಕರೆ ಹೋಗುತ್ತದೆ. ತಕ್ಕಡಿಯಲ್ಲಿ ಎಲ್ಲ ಕಾಗದಕ್ಕೂ ಒಂದೇ ದರ. ಅಲ್ಲಿಂದ ಅದು ಎಲ್ಲಿಗೆ ಹೋಗುವುದೆಂಬುದನ್ನು ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಯಾರದೋ ಬ್ಯಾಂಕಿನ ಲೆಕ್ಕವನ್ನು ಓದಿದವರೆಲ್ಲರೂ ಬಲ್ಲರು.

ಈ ವ್ಯವಹಾರದಲ್ಲಿ ನಷ್ಟ ಯಾರಿಗೆಂಬುದನ್ನು ಮೊದಲು ಗುರುತಿಸಬೇಕು. ನಕ್ಷೆಯು ಸಾಮಾನ್ಯವಾಗಿ ಅದನ್ನು ಕಳುಹಿಸಿದ ಗಿರಾಕಿಯ ಸ್ವತ್ತು. ಅದು ಪ್ರತಿಸ್ಪರ್ಧಿಯ ಕೈ ಸೇರಿದರೆ ಸಣ್ಣ ಘಟಕವು ಕಳೆದುಕೊಳ್ಳುವುದು ಒಂದು ಆದೇಶವನ್ನಲ್ಲ, ಹಲವು ವರ್ಷಗಳ ನಂಬಿಕೆಯನ್ನು. ಅರ್ಜಿದಾರನ ಹುಟ್ಟಿದ ದಿನಾಂಕ, ವಿಳಾಸ, ಗುರುತಿನ ಸಂಖ್ಯೆ, ಸಹಿ ಇವು ನಾಲ್ಕೂ ಒಂದೇ ಹಾಳೆಯಲ್ಲಿ ದೊರೆತರೆ ಅವನ ಹೆಸರಿನಲ್ಲಿ ಬೇರೊಬ್ಬನು ಸಾಲವನ್ನೇ ಪಡೆಯಬಹುದು. ಕೆಲಸ ಸಿಗದ ಆ ಅರ್ಜಿದಾರನಿಗೆ ತನ್ನ ಕಾಗದ ಇನ್ನೂ ಅಲ್ಲಿದೆಯೆಂಬುದೂ ತಿಳಿದಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಉದ್ದೇಶ ಮುಗಿದ ಮೇಲೆ ವೈಯಕ್ತಿಕ ವಿವರಗಳನ್ನು ಅಳಿಸುವ ಹೊಣೆಯನ್ನು ಅವುಗಳನ್ನು ಸಂಗ್ರಹಿಸಿದವರ ಮೇಲೆಯೇ ಇರಿಸಿದೆ. ಅಧಿನಿಯಮವು ಗಣಕೀಕೃತ ವಿವರಗಳನ್ನು ಕುರಿತದ್ದಾದರೂ ಅದರ ನ್ಯಾಯ ಕಾಗದಕ್ಕೂ ಸಲ್ಲತಕ್ಕದ್ದೇ.

ಹಾಗೆಂದು ಎಲ್ಲವನ್ನೂ ಒಮ್ಮೆಗೇ ನಾಶಪಡಿಸಿ ಕೈ ತೊಳೆದುಕೊಳ್ಳುವುದೂ ಅಪಾಯಕರ. ಕಂಪನಿಗಳು ತಮ್ಮ ಲೆಕ್ಕದ ಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕೆಂದು 2013ರ ಕಂಪನಿಗಳ ಅಧಿನಿಯಮದ 128ನೆಯ ಕಲಮು ವಿಧಿಸುತ್ತದೆ. ಸರಕು ಮತ್ತು ಸೇವಾ ತೆರಿಗೆಯ ಲೆಕ್ಕಪತ್ರಗಳಿಗೆ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು. ಇವು ಕನಿಷ್ಠ ಅವಧಿಗಳು ಮಾತ್ರ. ಮೇಲ್ಮನವಿ, ತನಿಖೆ ಅಥವಾ ವ್ಯಾಜ್ಯ ನಡೆದಿದ್ದಲ್ಲಿ ಅವಧಿ ಮುಗಿದ ಕಾಗದವನ್ನೂ ಮುಟ್ಟುವಂತಿಲ್ಲ. ನ್ಯಾಯಾಲಯದ ಮುಂದೆ ಸಾಕ್ಷ್ಯವಾಗಿ ಬರಬೇಕಾದ ದಸ್ತಾವೇಜನ್ನು ಅದು ಬಾರದಂತೆ ನಾಶಮಾಡುವುದು ಭಾರತೀಯ ನ್ಯಾಯ ಸಂಹಿತೆಯ 241ನೆಯ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ.

ಅಮೆರಿಕದ ಆರ್ಥರ್ ಆಂಡರ್ಸನ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯ ಕಥೆ ಇದಕ್ಕೆ ಪ್ರಸಿದ್ಧ ನಿದರ್ಶನ. ತನ್ನ ಗಿರಾಕಿಯಾದ ಎನ್ರಾನ್ ಕಂಪನಿಯ ಮೇಲೆ ತನಿಖೆಯ ನೆರಳು ಬೀಳುತ್ತಿದ್ದ 2001ರ ಶರತ್ಕಾಲದಲ್ಲಿ ಅದರ ಸಿಬ್ಬಂದಿ ರಾಶಿ ರಾಶಿ ಕಾಗದಗಳನ್ನು ಯಂತ್ರಕ್ಕೆ ಹಾಕಿದರು. ಹಳೆಯ ಕಾಗದ ನಾಶಪಡಿಸುವ ನಿಯಮ ಸಂಸ್ಥೆಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಅದು ನೆನಪಾದ ಗಳಿಗೆ ಮಾತ್ರ ಸಂಶಯಾಸ್ಪದವಾಗಿತ್ತು. 2002ರಲ್ಲಿ ಶಿಕ್ಷೆಯಾಯಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿದರೂ ಅಷ್ಟು ಹೊತ್ತಿಗೆ ಆ ಬೃಹತ್ ಸಂಸ್ಥೆ ಹೆಸರಿಗಷ್ಟೇ ಉಳಿದಿತ್ತು.

ಕಾಲಮಿತಿಯ ಪಟ್ಟಿಗಳಲ್ಲಿ ಎದ್ದು ಕಾಣದ, ಆದರೆ ಸಾಮಾನ್ಯ ಮನುಷ್ಯನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕಾಗದವೊಂದಿದೆ. ಅದು ಕಾರ್ಮಿಕನ ವೇತನ ಪಟ್ಟಿ. ನೌಕರರ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1995ರ ನವೆಂಬರ್ 16ರಂದು. ಭವಿಷ್ಯ ನಿಧಿಗೆ ನಿಗದಿತ ಮಿತಿಯನ್ನು ಮೀರಿದ ವೇತನದ ಮೇಲೆ ವಂತಿಗೆ ಕಟ್ಟಿದ್ದ ನೌಕರರಲ್ಲಿ ಅರ್ಹರಾದವರು ಹೆಚ್ಚಿನ ಪಿಂಚಣಿಗೆ ಆಯ್ಕೆ ನೀಡಬಹುದೆಂಬ ದಾರಿಯನ್ನು ಸುಪ್ರೀಂ ಕೋರ್ಟು 2022ರ ನವೆಂಬರ್ 4ರ ತೀರ್ಪಿನಲ್ಲಿ ತೆರೆಯಿತು. ಆಗ ದೇಶದಾದ್ಯಂತ ಉದ್ದಿಮೆದಾರರು 1995ರಿಂದ ಮೊದಲ್ಗೊಂಡು ತಿಂಗಳು ತಿಂಗಳ ವೇತನದ ವಿವರವನ್ನು ಒದಗಿಸಬೇಕಾಗಿ ಬಂದಿತು. ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ, ಕೊನೆಗೆ 2025ರ ಜನವರಿ 31ರವರೆಗೆ ಕಾಲಾವಕಾಶ ನೀಡಲಾಯಿತು. ಎಂಟು ವರ್ಷ ತುಂಬಿತೆಂದು ಹಳೆಯ ವೇತನ ಪಟ್ಟಿಗಳನ್ನು ತೂಕಕ್ಕೆ ಹಾಕಿದ ಘಟಕವು ಇಂಥ ವೇಳೆಯಲ್ಲಿ ತನ್ನ ನಿವೃತ್ತ ಕಾರ್ಮಿಕನಿಗೆ ಏನನ್ನು ತೋರಿಸೀತು? ದರಪಟ್ಟಿಯನ್ನೂ ವೇತನ ಪಟ್ಟಿಯನ್ನೂ ಒಂದೇ ಮೂಟೆಯಲ್ಲಿ ಕಟ್ಟುವುದು ಕೇವಲ ಅಜಾಗರೂಕತೆಯಲ್ಲ, ಅನ್ಯಾಯವೂ ಹೌದು. ಕಾರ್ಮಿಕನ ಸೇವೆ ಮತ್ತು ವೇತನಕ್ಕೆ ಸಂಬಂಧಿಸಿದ ದಾಖಲೆಗಳನ್ನು ಬೇರೆಯಾಗಿಯೇ ಇರಿಸಿ, ಆತನ ಪಿಂಚಣಿ ಇತ್ಯರ್ಥವಾಗುವವರೆಗೆ ಕಾಪಾಡುವುದು ಉಚಿತ.

ಸರ್ಕಾರಿ ದಾಖಲೆಗಳ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟಾಗಿದೆ. ಕೇಂದ್ರ ಸರ್ಕಾರದ ಇಲಾಖೆಗಳಿಗೂ ಸಾರ್ವಜನಿಕ ಉದ್ದಿಮೆಗಳಿಗೂ ಅನ್ವಯವಾಗುವ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದಂತೆ, ಗೊತ್ತುಪಡಿಸಿದ ವಿಧಾನದಿಂದಲ್ಲದೆ ಯಾವ ದಾಖಲೆಯನ್ನೂ ನಾಶಗೊಳಿಸುವಂತಿಲ್ಲ. 1892ಕ್ಕೆ ಹಿಂದಿನದಾದರೆ, ಅದು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದೆಯೆಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು ಅದಕ್ಕೆ ಕೈ ಹಚ್ಚುವಂತೆಯೇ ಇಲ್ಲ. ಖಾಸಗಿ ಉದ್ದಿಮೆಗೆ ಈ ಕಾನೂನು ಅನ್ವಯಿಸುವುದಿಲ್ಲ. ಆದರೆ ಪರಿಶೀಲಿಸದೆ ನಾಶಪಡಿಸಬಾರದೆಂಬ ಅದರ ಕ್ರಮ ಅನುಕರಣೀಯ.

ಇನ್ನು ನಾಶಪಡಿಸುವ ವಿಧಾನ. ಸುಟ್ಟರಾಯಿತು ಎಂಬುದು ಹಲವರ ಎಣಿಕೆ. ಪೊಂಗಲ್ ಹಬ್ಬದ ಹಿಂದಿನ ದಿನ, ಭೋಗಿಯ ಮುಂಜಾನೆ, ಹಳೆಯದನ್ನು ಬೆಂಕಿಗೆ ಹಾಕುವ ಆಚಾರ ತಮಿಳುನಾಡಿನಲ್ಲಿ ಉಂಟು. 2018ರ ಭೋಗಿಯಂದು ಹೊಗೆ ಮಂಜುಗಳು ಕೂಡಿ ಗಿಂಡಿಗೆ ಸಮೀಪದ ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ವಿಮಾನ ಸಂಚಾರವೇ ಅಸ್ತವ್ಯಸ್ತವಾಯಿತು. ಗಾಳಿ ಕೆಡುವುದು ಒಂದು ಮಾತಾದರೆ, ಬಿಗಿಯಾಗಿ ಕಟ್ಟಿದ ಕಡತ ಪೂರ್ತಿಯಾಗಿ ಸುಡುವುದೂ ಇಲ್ಲ. ಅಂಚು ಕರಿಕಾಗಿ, ನಡುವಿನ ಹಾಳೆಗಳು ಅಕ್ಷರ ಸಮೇತ ಉಳಿದುಬಿಡುತ್ತವೆ.

ಕತ್ತರಿಸುವ ಯಂತ್ರವೇ ಮೇಲು. ಆದರೆ ಎಲ್ಲ ಯಂತ್ರಗಳೂ ಸಮನಲ್ಲ. ಅಗ್ಗದ ಯಂತ್ರ ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುತ್ತದೆ. 210 ಮಿಲಿಮೀಟರ್ ಅಗಲದ ಸಾಮಾನ್ಯ ಎ4 ಹಾಳೆಯನ್ನು 6 ಮಿಲಿಮೀಟರ್ ಪಟ್ಟಿಗಳಾಗಿ ಸೀಳಿದರೆ ದೊರೆಯುವುದು 35 ಪಟ್ಟಿಗಳು. ಸಾಲುಗಳ ದಿಕ್ಕಿನಲ್ಲಿಯೇ ಹಾಳೆ ಒಳಗೆ ಹೋದರಂತೂ ಒಂದೊಂದು ಪಟ್ಟಿಯಲ್ಲಿ ಒಂದೊಂದು ಸಾಲು ಅಚ್ಚುಕಟ್ಟಾಗಿ ಓದಲು ಸಿಗುತ್ತದೆ. 1979ರಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿ ವಿದ್ಯಾರ್ಥಿಗಳ ವಶವಾದಾಗ ಅಲ್ಲಿ ದೊರೆತ ಪಟ್ಟಿಗಳನ್ನು ಜೋಡಿಸಲು ರತ್ನಗಂಬಳಿ ನೇಯುವವರ ನೆರವು ಪಡೆಯಲಾಯಿತು; ಜೋಡಿಸಿದ ಪತ್ರಗಳು ಸಂಪುಟಗಳಾಗಿಯೇ ಪ್ರಕಟವಾದವು. ನೇಯುವ ಕೈಗಳಿಗೆ ಎಳೆಗಳನ್ನು ಹೊಂದಿಸುವುದು ಕಷ್ಟವೆನಿಸಲಿಲ್ಲ.

ಕಾಗದ ಕತ್ತರಿಸುವ ಯಂತ್ರಗಳಿಗೆ ಪಿ-1ರಿಂದ ಪಿ-7ರವರೆಗೆ ಭದ್ರತೆಯ ಏಳು ಹಂತಗಳನ್ನು ಗೊತ್ತುಪಡಿಸಲಾಗಿದೆ. ಜರ್ಮನಿಯಲ್ಲಿ ರೂಪುಗೊಂಡ ಈ ಮಾನದಂಡ 2018ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಪಿ-4ರಲ್ಲಿ ಚೂರು 160 ಚದರ ಮಿಲಿಮೀಟರನ್ನು ಮೀರಬಾರದು; ಒಂದು ಹಾಳೆ ಸುಮಾರು 390 ಚೂರುಗಳಾಗುತ್ತದೆ. ವೈಯಕ್ತಿಕ ವಿವರ, ದರಪಟ್ಟಿಗಳಿಗೆ ಇಷ್ಟು ಸಾಕು. ಪಿ-7ರಲ್ಲಿ ಚೂರಿನ ಮಿತಿ ಕೇವಲ 5 ಚದರ ಮಿಲಿಮೀಟರ್. ಇದು ರಕ್ಷಣಾ ರಹಸ್ಯಗಳಿಗೆ ತಕ್ಕದ್ದೇ ಹೊರತು ಬಿಡಿಭಾಗ ತಯಾರಿಸುವವರಿಗೆ ಅನವಶ್ಯಕ ವೆಚ್ಚ. ಅಲ್ಲದೆ ಚೂರು ಸಣ್ಣದಾದಷ್ಟೂ ಕಾಗದದ ನಾರು ತುಂಡಾಗಿ ಮರುಬಳಕೆಯ ಮೌಲ್ಯ ಇಳಿಯುತ್ತದೆ. ಕಬ್ಬಿನ ಸಿಪ್ಪೆಯಿಂದ ಕಾಗದ ತಯಾರಿಸುವ ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್ ಸಂಸ್ಥೆಯ ಪ್ರಧಾನ ಕಚೇರಿ ಗಿಂಡಿಯಲ್ಲಿದೆ. ಕರೂರು ಜಿಲ್ಲೆಯ ಕಾಗಿದಪುರಂನಲ್ಲಿರುವ ಅದರ ಗಿರಣಿಯಲ್ಲಿ ಮುದ್ರಿತ ಕಾಗದದ ಮಸಿಯನ್ನು ತೆಗೆದು ತಿರುಳು ಮಾಡುವ ಘಟಕವೂ ಉಂಟು. ರದ್ದಿ ನೇರವಾಗಿ ತಿರುಳಾಗುವುದಾದರೆ ಗೋಪ್ಯತೆಗೂ ಮರುಬಳಕೆಗೂ ವಿರೋಧವಿಲ್ಲ. ವಿರೋಧವಿರುವುದು ನಡುವಣ ಗುಜರಿ ಅಂಗಡಿಯ ಬಿಚ್ಚಿದ ಮೂಟೆಯಲ್ಲಿ.

ದಿನಕ್ಕೆ ನಾಲ್ಕು ಹಾಳೆಯಾದರೆ ಕಚೇರಿಯ ಯಂತ್ರವೇ ಸಾಕು. ವರ್ಷಗಟ್ಟಲೆಯ ರಾಶಿಗೆ ಈ ವೃತ್ತಿಯ ಸಂಸ್ಥೆಗಳನ್ನು ಕರೆಯಬೇಕಾಗುತ್ತದೆ. ವಾಹನದಲ್ಲಿ ಯಂತ್ರವನ್ನೇ ತಂದು ಬಾಗಿಲಲ್ಲಿ ಕತ್ತರಿಸುವುದು ಒಂದು ಪದ್ಧತಿ. ಬೀಗ ಹಾಕಿದ ಪೆಟ್ಟಿಗೆಗಳನ್ನು ತಮ್ಮ ಘಟಕಕ್ಕೆ ಒಯ್ಯುವುದು ಇನ್ನೊಂದು. ಎರಡನೆಯದರಲ್ಲಿ ಹೊರಡುವಾಗಿನ ತೂಕವನ್ನೂ ತಲುಪಿದಾಗಿನ ತೂಕವನ್ನೂ ಬರೆದಿಡತಕ್ಕದ್ದು. ಕೊನೆಗೆ ನಾಶದ ಪ್ರಮಾಣಪತ್ರ ಕೈಗೆ ಬರುತ್ತದೆ. ಅದರಲ್ಲಿ ಇಷ್ಟು ಕಿಲೋ ಕಾಗದ ಎಂದಷ್ಟೇ ಇದ್ದರೆ ಅದು ಅರ್ಧ ಪ್ರಮಾಣಪತ್ರ. ಯಾವ ಕಡತ, ಯಾವ ವರ್ಷದ್ದು, ಕಾಪಾಡಬೇಕಾದ ಅವಧಿ ಎಂದು ಮುಗಿಯಿತು, ಯಾರು ಪರಿಶೀಲಿಸಿದರು, ಯಾರ ಎದುರು ಕತ್ತರಿಸಲಾಯಿತು ಎಂಬ ಪಟ್ಟಿ ಅದಕ್ಕೆ ಲಗತ್ತಾಗಿರಬೇಕು. ಆ ಪಟ್ಟಿಯನ್ನು ಉದ್ದಿಮೆದಾರನೇ ಮೊದಲು ಸಿದ್ಧಪಡಿಸಿ, ಲೆಕ್ಕಪರಿಶೋಧಕರ ಸಮ್ಮತಿ ಪಡೆದು, ಅನಂತರ ವಾಹನಕ್ಕೆ ಹೇಳಿಕಳುಹಿಸುವುದು ಸರಿಯಾದ ಕ್ರಮ.

ಗಣಕಯಂತ್ರದಲ್ಲಿರುವ ಕಡತಗಳ ಪಾಡು ಬೇರೆ. ಗುಂಡಿ ಒತ್ತಿ ಅಳಿಸಿದಾಗ ಸಾಮಾನ್ಯವಾಗಿ ಅಳಿಯುವುದು ಕಡತದ ವಿಳಾಸವೇ ಹೊರತು ಒಳಗಿನ ಮಾಹಿತಿಯಲ್ಲ. ಅನೇಕ ನೆರಳಚ್ಚು ಯಂತ್ರಗಳ ಒಳಗೂ ಹಾರ್ಡ್ ಡಿಸ್ಕ್ ಇರುತ್ತದೆಂಬುದು, ಯಂತ್ರವನ್ನು ಮಾರುವ ದಿನ ಯಾರಿಗೂ ಹೊಳೆಯುವುದಿಲ್ಲ. ಹಳೆಯ ಗಣಕಯಂತ್ರಗಳ ವಿಲೇವಾರಿಯನ್ನು ಅನುಭವವಿಲ್ಲದ ಸಾಗಣೆದಾರರಿಗೆ ವಹಿಸಿ, ಗ್ರಾಹಕರ ವಿವರಗಳಿದ್ದ ಸಾಧನಗಳು ಹರಾಜಿನಲ್ಲಿ ಮಾರಾಟವಾಗುವಂತಾದ ಕಾರಣಕ್ಕೆ ಮಾರ್ಗನ್ ಸ್ಟಾನ್ಲಿ ಸಂಸ್ಥೆ 2022ರಲ್ಲಿ ಅಮೆರಿಕದಲ್ಲಿ 3.5 ಕೋಟಿ ಡಾಲರ್ ದಂಡ ತೆತ್ತಿತು. ಆಯಸ್ಕಾಂತದಿಂದ ಅಳಿಸುವ ಉಪಾಯ ಹಳೆಯ ತಿರುಗುವ ಡಿಸ್ಕಿಗೆ ಸಲ್ಲುತ್ತದೆ. ಈಗಿನ ಚಿಪ್ ಆಧಾರಿತ ಸಾಧನಕ್ಕೆ ಸಲ್ಲುವುದಿಲ್ಲ. ಅದನ್ನು ಅದರದೇ ತಂತ್ರಾಂಶದಿಂದ ಅಳಿಸಬೇಕು, ಇಲ್ಲವೆ ಪುಡಿ ಮಾಡಬೇಕು.

ಮನುಷ್ಯನು ಮಾಡದ ನಾಶವೂ ಉಂಟು. 2015ರ ಡಿಸೆಂಬರ್ ಮೊದಲ ದಿನಗಳಲ್ಲಿ ಅಡ್ಯಾರು ನದಿ ಉಕ್ಕಿದಾಗ ಏಕ್ಕಾಟುತಾಂಗಲ್ ಮತ್ತು ಗಿಂಡಿ ವಸಾಹತಿನ ಘಟಕಗಳಿಗೆ ನೀರು ನುಗ್ಗಿ, ಯಂತ್ರ ಮತ್ತು ಕಚ್ಚಾಮಾಲುಗಳೊಡನೆ ಕಚೇರಿಯ ಕಾಗದಗಳೂ ನೆನೆದವು. ನೆನೆದು ಮುದ್ದೆಯಾದ ಕಡತವನ್ನು ಬೀದಿಗೆ ಎಸೆಯುವುದು ಆ ಸಂಕಟದಲ್ಲಿ ಸಹಜ. ಆದರೆ ಒಣಗಿದ ಮೇಲೆ ಅದರ ಅಕ್ಷರಗಳು ಓದಿಸಿಕೊಳ್ಳಬಲ್ಲವು. ತೆರಿಗೆ ಅಧಿಕಾರಿಯಾಗಲಿ ವಿಮಾ ಕಂಪನಿಯಾಗಲಿ ಮುಂದೆ ಕೇಳಿದಾಗ, ಇದ್ದದ್ದೇನು ಹೋದದ್ದೇನು ಎಂದು ಹೇಳಲು ಆಧಾರವೂ ಬೇಕು. ನೆನೆದ ಕಡತಗಳ ಛಾಯಾಚಿತ್ರ ತೆಗೆದು, ಪಟ್ಟಿ ಮಾಡಿ, ನಷ್ಟವನ್ನು ಸಂಬಂಧಪಟ್ಟವರಿಗೆ ಬರವಣಿಗೆಯಲ್ಲಿ ತಿಳಿಸಿ, ಅನಂತರವೇ ಅವನ್ನು ಕತ್ತರಿಸಲು ಒಪ್ಪಿಸಬೇಕು. ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ ಇದೇ ಕ್ರಮ ಸಲ್ಲುತ್ತದೆ. ವಿಲೇವಾರಿಯ ಪಟ್ಟಿಗಳ ಒಂದು ಪ್ರತಿಯನ್ನು ಘಟಕದ ಹೊರಗೆ, ಲೆಕ್ಕಪರಿಶೋಧಕರ ಬಳಿಯಲ್ಲೋ ಮೇಲಂತಸ್ತಿನ ಬೇರೊಂದು ಕಟ್ಟಡದಲ್ಲೋ ಇರಿಸುವುದು ಒಳ್ಳೆಯದು.