ಹಳೆಯ ಸೌದೆ ಒಲೆಗೆ ಹೊಗೆ ಕೊಳವೆ
(ರೈತ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಗುಜರಿಯಿಂದ ತಂದ ಕಬ್ಬಿಣದ ಒಲೆಯನ್ನು ನೇರವಾಗಿ ಬಚ್ಚಲಿನಲ್ಲಿ ಕೂಡಿಸಬೇಡಿರಿ. ತುಕ್ಕು ಉಜ್ಜಿ, ಕತ್ತಲಾದ ಮೇಲೆ ಒಳಗೆ ಟಾರ್ಚ್ ಇಟ್ಟು ನೋಡಿರಿ. ಬಿರುಕಿದ್ದಲ್ಲಿ ಬೆಳಕು ಹೊರಗೆ ಕಾಣುತ್ತದೆ. ಬಿರಿದ ಒಲೆಯನ್ನು ಹಿಂದಿರುಗಿಸಿರಿ. ಮಣ್ಣು ಮೆತ್ತಿದರೆ ನಿಲ್ಲುವುದಿಲ್ಲ.

ಕೊಳವೆಯ ವಿಷಯದಲ್ಲಿ ತಪ್ಪು ಮಾಡುವವರೇ ಹೆಚ್ಚು, ನಾನೂ ಮಾಡಿದ್ದೇನೆ. ಮೇಲಿನ ತುಂಡಿನ ತುದಿ ಕೆಳಗಿನ ತುಂಡಿನ ಒಳಗೆ ಕೂರಬೇಕು. ನಾನು ಹೊರಗೆ ತೊಡಿಸಿದ್ದೆ. ಒಂದೇ ಮಳೆಗಾಲದಲ್ಲಿ ಸಂದಿಯಿಂದ ಕಪ್ಪು ಜಿಗುಟು ಸೋರಿ ಗೋಡೆ ಹಾಳಾಯಿತು. ಹಸಿ ಸೌದೆ ಉರಿಸಿದಷ್ಟೂ ಈ ಜಿಗುಟು ಹೆಚ್ಚು. ಅದು ಕೊಳವೆಯೊಳಗೇ ಹೊತ್ತಿಕೊಂಡರೆ ಮಾಡಿಗೆ ಬೆಂಕಿ ಹತ್ತಬಹುದು. ಆದ್ದರಿಂದ ಕೊಳವೆಗೆ ಸೋಗೆಯಾಗಲಿ ಪಕಾಸಿಯಾಗಲಿ ತಾಗಕೂಡದು. ಅದರ ತುದಿ ಮಾಡು ದಾಟುವಲ್ಲಿಂದ 3 ಅಡಿ ಮೇಲಿರಲಿ. ಸುತ್ತಲಿನ 10 ಅಡಿಯೊಳಗೆ ಇರುವ ಯಾವುದೇ ಎತ್ತರಕ್ಕಿಂತ 2 ಅಡಿ ಹೆಚ್ಚಿರಲಿ. ಹಳೆಯ ಕಲ್ನಾರು ಸಿಮೆಂಟ್ ಕೊಳವೆ ಅಗ್ಗಕ್ಕೆ ಸಿಕ್ಕಿತೆಂದು ಕೊಯ್ಯಲು ಹೋಗಬೇಡಿರಿ, ಅದರ ಧೂಳು ಶ್ವಾಸಕೋಶಕ್ಕೆ ಕೇಡು.

ಚಳಿಯೆಂದು ಬಚ್ಚಲ ಕಿಟಕಿ ಮುಚ್ಚುತ್ತೀರಿ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನದ ನಡುವೆ ತಲೆ ನೋಯತೊಡಗಿದರೆ ನೀರು ಹಾಗೇ ಬಿಟ್ಟು ಹೊರಗೆ ಬನ್ನಿರಿ.