ನರೆಗೂದಲ ಬಾವಲಿ ಮತ್ತು ಯಲಬುರ್ಗಾದ ಫ್ಯಾನು



ಕೊಪ್ಪಳ ಜಿಲ್ಲೆಯ ಇರಕಲ್ಲಗಡದ ಗುಡ್ಡದ ಬಂಡೆಗಳ ಕಾವು ಹೊತ್ತು ಮುಳುಗಿದರೂ ಬೇಗ ಆರುವುದಿಲ್ಲ. ಬಾವಲಿಗಳು ಹೊರಬೀಳುವುದು ಆ ಹೊತ್ತಿನಲ್ಲೇ. ಪಡುವಣಕ್ಕೆ, ಯಲಬುರ್ಗಾ ಸೀಮೆಯ ಎರಿಹೊಲಗಳಲ್ಲಿ, ಊರ ಮಂದಿ ‘ಫ್ಯಾನು’ ಎನ್ನುವ ಗಾಳಿಯಂತ್ರಗಳು ಕತ್ತಲಲ್ಲೂ ತಿರುಗುತ್ತಿರುತ್ತವೆ. ಒಂದೇ ಆಕಾಶದಲ್ಲಿ ಇವೆರಡೂ ಬಾಳುವುದು ಹೇಗೆ ಎಂಬುದೇ ಈ ವಿಚಾರ ಸಂಕಿರಣದ ಮುಖ್ಯ ಪ್ರಶ್ನೆ.

ಈ ಪ್ರಶ್ನೆಯನ್ನು ಮೊದಲೇ ಎದುರಿಸಿದ ಜೀವಿ ಉತ್ತರ ಅಮೆರಿಕದಲ್ಲಿದೆ. ಅದರ ಶಾಸ್ತ್ರೀಯ ಹೆಸರು ಲ್ಯಾಸಿಯುರಸ್ ಸಿನೆರಿಯಸ್. ಕಂದು ತುಪ್ಪಳದ ತುದಿಯೆಲ್ಲ ಬಿಳಿ, ಇಬ್ಬನಿ ಕೂತಂತೆ. ಕನ್ನಡದಲ್ಲಿ ನರೆಗೂದಲ ಬಾವಲಿ ಎನ್ನಬಹುದು. ತೂಕ 20ರಿಂದ 35 ಗ್ರಾಂ. ರೆಕ್ಕೆ ಬಿಚ್ಚಿದರೆ ಸುಮಾರು 40 ಸೆಂ.ಮೀ. ಗುಂಪು ಕಟ್ಟುವ, ಗುಹೆ ಸೇರುವ ರೂಢಿ ಇದಕ್ಕಿಲ್ಲ. ಹಗಲೆಲ್ಲ ಮರದ ಎಲೆಗಳ ಮರೆಯಲ್ಲಿ ಒಂಟಿಯಾಗಿ ನೇತಾಡುತ್ತದೆ. ಬಾಲದ ತೊಗಲಿನ ಮೇಲೂ ತುಪ್ಪಳವಿದೆ. ಚಳಿಯಾದಾಗ ಅದನ್ನೇ ಕಂಬಳಿಯಂತೆ ಹೊದ್ದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆನಡಾದ ಕಾಡಿನವರೆಗೂ ಹೋಗುವ ಈ ಬಾವಲಿ, ಚಳಿಗಾಲಕ್ಕೆ ಕ್ಯಾಲಿಫೋರ್ನಿಯಾ, ಮೆಕ್ಸಿಕೊ ಕಡೆ ಇಳಿಯುತ್ತದೆ. ಜಿಪಿಎಸ್ ಕಟ್ಟಿ ಬಿಟ್ಟ ಒಂದು ಗಂಡು ಬಾವಲಿ ಸುಮಾರು ಒಂದು ತಿಂಗಳಲ್ಲಿ 1,000 ಕಿ.ಮೀ.ಗೂ ಹೆಚ್ಚು ಸುತ್ತಿದ್ದು 2016ರಲ್ಲಿ ವರದಿಯಾಯಿತು.

ಅಮೆರಿಕದ ಗಾಳಿಯಂತ್ರಗಳ ಅಡಿಯಲ್ಲಿ ಅತಿ ಹೆಚ್ಚು ಸತ್ತು ಬೀಳುವ ಬಾವಲಿ ಇದೇ. ಸಾವುಗಳು ಏರುವುದು ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ, ಅಂದರೆ ವಲಸೆಯ ದಿನಗಳಲ್ಲೇ. ತಾಯಿ ವರ್ಷಕ್ಕೆ ಸಾಮಾನ್ಯವಾಗಿ ಎರಡೇ ಮರಿ ಹಾಕುವುದರಿಂದ ಈ ನಷ್ಟ ತುಂಬಿಕೊಳ್ಳುವುದು ಕಷ್ಟ. ಸಾವು ಹೀಗೇ ಮುಂದುವರಿದರೆ 50 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇ 90ರಷ್ಟು ಕುಸಿಯಬಹುದು ಎಂದು 2017ರ ಅಧ್ಯಯನವೊಂದು ಎಚ್ಚರಿಸಿತು.

ಪರಿಹಾರವೂ ಅಲ್ಲಿಂದಲೇ ಬಂದಿದೆ. ಬಾವಲಿಗಳು ಹೆಚ್ಚಾಗಿ ಹಾರುವುದು ಗಾಳಿ ಮೆಲ್ಲಗಿರುವ ರಾತ್ರಿಗಳಲ್ಲಿ. ಆಗ ಸಿಗುವ ವಿದ್ಯುತ್ತೂ ಕಡಿಮೆ. ಪೆನ್ಸಿಲ್ವೇನಿಯಾದಲ್ಲಿ ಅಂಥ ರಾತ್ರಿಗಳಲ್ಲಿ ಯಂತ್ರಗಳನ್ನು ತಡೆದು ನೋಡಿದರು. ಸಾವು ಶೇ 44ರಿಂದ 93ರಷ್ಟು ಇಳಿಯಿತು. ವರ್ಷದ ಉತ್ಪಾದನೆಯಲ್ಲಿ ಆದ ನಷ್ಟ ಶೇ 1ನ್ನೂ ಮೀರಲಿಲ್ಲ.

ಭಾರತಕ್ಕೂ ಈ ಸಂಗತಿ ದೂರದ್ದಲ್ಲ. ಗುಜರಾತಿನ ಕಛ್‌ನಲ್ಲಿ ಗಾಳಿಯಂತ್ರಕ್ಕೆ ಬಡಿದು ಬಾವಲಿ ಸತ್ತದ್ದು 2013ರಲ್ಲೇ ದಾಖಲಾಗಿದೆ.

ಕರ್ನಾಟಕ ಬಾವಲಿಗಾಗಿ ಕೈ ಜೋಡಿಸಿದ ಉದಾಹರಣೆಯೂ ಇದೆ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಾವಲಿಯೊಂದನ್ನು 1994ರಲ್ಲಿ ಹೊಸ ಪ್ರಭೇದವೆಂದು ಗುರುತಿಸಲಾಯಿತು. ಕಲ್ಲು ಗಣಿಗಾರಿಕೆಯ ಹೊಡೆತಕ್ಕೆ ಅದು ಒಂದೇ ಗವಿಗೆ ಸೀಮಿತವಾಗಿ, 200ಕ್ಕೂ ಕಡಿಮೆ ಉಳಿಯಿತು. ಆಮೇಲೆ ಗವಿಯ ಸುತ್ತಲಿನ 30 ಎಕರೆಗೆ ರಕ್ಷಣೆ ಸಿಕ್ಕಿತು. ಕಲ್ಲುಗುಡ್ಡಗಳ ನಾಡಾದ ಕೊಪ್ಪಳಕ್ಕೆ ಇದು ಹತ್ತಿರದ ಪಾಠ.

ಗಾಳಿಯ ವಿದ್ಯುತ್ ಬೇಕು, ರೈತನ ಹೊಲದ ಕೀಟ ತಿನ್ನುವ ಬಾವಲಿಯೂ ಬೇಕು. ಕೆಲಸ ಎಣಿಕೆಯಿಂದ ಶುರುವಾಗಲಿ. ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಅನುಮತಿ ಪಡೆದು, ನಾಯಿ-ನರಿ ಎತ್ತಿಕೊಂಡು ಹೋಗುವ ಮೊದಲೇ, ನಸುಕಿನಲ್ಲಿ ಫ್ಯಾನಿನ ಬುಡ ಸುತ್ತಿ ಬರಲಿ. ಸತ್ತ ಬಾವಲಿ ಕಂಡರೆ ಬರಿಗೈಯಲ್ಲಿ ಮುಟ್ಟದೆ ಚಿತ್ರ ತೆಗೆದು, ದಿನಾಂಕ, ಜಾಗ, ಹಿಂದಿನ ರಾತ್ರಿಯ ಗಾಳಿ ಬರೆದಿಡಲಿ. ಎರಡು ದಿನಗಳ ಈ ಸಂಕಿರಣ ಮುಗಿಯುವಷ್ಟರಲ್ಲಿ ಯಾವ ಕಾಲೇಜು ಯಾವ ಊರಿನ ಎಣಿಕೆ ಹೊರುತ್ತದೆ ಎಂಬ ಪಟ್ಟಿ ಸಿದ್ಧವಾಗಲಿ.