ಆಟದಲ್ಲಿ ನ್ಯಾಯ



ಕಾಳಗದ ವಿಡಿಯೋ ಆಟಗಳಲ್ಲಿ ಯಾವ ಪಾತ್ರಕ್ಕೆ ಬಲ ಹೆಚ್ಚು, ಯಾವುದಕ್ಕೆ ಕಡಮೆ ಎಂದು ತರುಣರು ವಾದಿಸುವುದನ್ನು ತಾವು ಕೇಳಿರಬಹುದು. ಇದು ಬರಿಯ ಹುಡುಗಾಟವಲ್ಲ, ನ್ಯಾಯದ ಪ್ರಶ್ನೆ.

ಹೊಸೂರು, ಕೃಷ್ಣಗಿರಿ ಸೀಮೆಯವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಕನ್ನಡದಲ್ಲಿ ಆಡು-ಹುಲಿ, ತಮಿಳಿನಲ್ಲಿ ಆಡುಪುಲಿ, ತೆಲುಗಿನಲ್ಲಿ ಪುಲಿ-ಮೇಕ ಎನಿಸಿದ ಆಟದಲ್ಲಿ ಹುಲಿಗಳು 3, ಆಡುಗಳು ಸಾಮಾನ್ಯವಾಗಿ 15. ಹುಲಿಗೆ ನೆಗೆದು ಕೊಲ್ಲುವ ಶಕ್ತಿ. ಆಡುಗಳಿಗೆ ಒಗ್ಗಟ್ಟಿನಿಂದ ದಾರಿ ಕಟ್ಟುವ ಶಕ್ತಿ. ಬಲ ಬೇರೆಯಾದರೂ ನಿಯಮವು ಇಬ್ಬರಿಗೂ ಮೊದಲೇ ಗೊತ್ತು. ಮರು ಆಟಕ್ಕೆ ಪಕ್ಷ ಬದಲಿಸಿಕೊಂಡರೆ ದೂರಿಗೆ ಎಡೆಯಿಲ್ಲ.

ಕಂಪನಿಯ ಆಟದಲ್ಲಿ ನಿಯಮ ಕಂಪನಿಯ ಕೈಯಲ್ಲಿದೆ. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ಇಬ್ಬರು ಆಟಗಾರರು ಒಂದೇ ಪಾತ್ರವನ್ನು ಆರಿಸುವಂತಿರಲಿಲ್ಲ, 1992ರ ಪರಿಷ್ಕೃತ ಆಟವು ಅದಕ್ಕೆ ಅವಕಾಶವಿತ್ತಿತು. ಇದು ಒಳ್ಳೆಯ ತಿದ್ದುಪಡಿ. ಆದರೆ 2024ರ ‘ಟೆಕ್ಕನ್ 8’ರಲ್ಲಿ ಹೊಸ ಪಾತ್ರಗಳನ್ನು ಪ್ರತ್ಯೇಕ ಹಣಕ್ಕೆ ಮಾರಲಾಯಿತು, 2025ರಲ್ಲಿ ಬಲಾಬಲಗಳನ್ನು ಬದಲಿಸಿದಾಗ ಆಟಗಾರರು ತೀವ್ರವಾಗಿ ಪ್ರತಿಭಟಿಸಿದರು, ಸಂಸ್ಥೆಯು ಮತ್ತೆ ತಿದ್ದಬೇಕಾಯಿತು.

ನಿಯಮ ಬರೆಯುವವನೇ ವ್ಯಾಪಾರಿಯಾದಲ್ಲಿ ಕೊಳ್ಳುವವನು ಎಚ್ಚರದಿಂದಿರಬೇಕು. ಪೋಷಕರೇ, ಮೊದಲ ಬೆಲೆಯನ್ನಷ್ಟೇ ಅಲ್ಲ, ಆಮೇಲೆ ತೆರಬೇಕಾದುದನ್ನೂ ವಿಚಾರಿಸಿರಿ. ವಿದ್ಯಾರ್ಥಿಗಳೇ, ಸೋತಾಗ ಒಮ್ಮೆ ಪಾತ್ರ ಬದಲಿಸಿಕೊಂಡು ಆಡಿರಿ. ಆಗಲೂ ಅನ್ಯಾಯ ಕಂಡರೆ ಧೈರ್ಯದಿಂದ ಹೇಳಿರಿ.